ವೈಡೂರ್ಯವೆಂಬ ಹೆಸರು



ನಮ್ಮ ಮನೆಗಳಲ್ಲಿ ಮಕ್ಕಳಿಗೆ ರಾಜರಾಣಿಯರ ಕಥೆ ಹೇಳುವ ಅಜ್ಜಿಯರು ಅರಮನೆಯ ಐಶ್ವರ್ಯವನ್ನು ಬಣ್ಣಿಸುವಾಗ ‘ವಜ್ರ ವೈಡೂರ್ಯ’ ಎಂಬ ಜೋಡಿಮಾತನ್ನು ತಪ್ಪದೆ ಆಡುವರು. ಹರಿಕಥೆಯ ದಾಸರೂ ಯಕ್ಷಗಾನದ ಅರ್ಥಧಾರಿಗಳೂ ಸಂಪತ್ತಿನ ಪರಮಾವಧಿಯನ್ನು ಸೂಚಿಸಬೇಕಾದಾಗ ಇದೇ ಮಾತಿನ ಮೊರೆಹೋಗುವರು. ಈ ಜೋಡಿಯಲ್ಲಿ ವಜ್ರವೆಂದರೆ ಯಾವುದೆಂಬುದನ್ನು ಯಾರೂ ಕೇಳಬೇಕಾಗಿಲ್ಲ. ಆದರೆ ವೈಡೂರ್ಯವೆಂದರೆ ಯಾವುದು, ಅದರ ಬಣ್ಣವೇನು, ಅದು ಸಿಕ್ಕುವುದೆಲ್ಲಿ ಎಂದು ಕೇಳಿದರೆ ಬರುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಚಿನಿವಾರರನ್ನು ಕೇಳಿದರೆ, ಜೇನಿನ ಬಣ್ಣದ, ನಡುವೆ ಬೆಳ್ಳನೆಯ ಗೆರೆಯೊಂದು ಹೊರಳುವ ಹರಳನ್ನು ತೋರಿಸಿ, ಇದು ಬೆಕ್ಕಿನ ಕಣ್ಣು, ಇದೇ ವೈಡೂರ್ಯ, ಕೇತುಗ್ರಹದ ಕಲ್ಲು ಎನ್ನುವರು. ವಾಲ್ಮೀಕಿರಾಮಾಯಣವನ್ನು ಚೆನ್ನಾಗಿ ಓದಿದವರನ್ನು ಕೇಳಿದರೆ ಅದು ಎಳೆಯ ಹುಲ್ಲಿನ ಹಸುರು ಎನ್ನುವರು. ಬೈಲುಕುಪ್ಪೆಯ ಟಿಬೆಟ್ಟಿನ ವೈದ್ಯರನ್ನು ಕೇಳಿದರೆ ಅದು ಗಾಢವಾದ ನೀಲಿ ಎನ್ನುವರು. ಈ ಮೂವರಲ್ಲಿ ಯಾರ ಮಾತೂ ಸುಳ್ಳಲ್ಲ. ಒಂದು ಹೆಸರು ಎರಡು ಸಾವಿರ ವರ್ಷಗಳಿಗೂ ಮೀರಿದ ತನ್ನ ಆಯುಷ್ಯದಲ್ಲಿ ಹೇಗೆ ಕಲ್ಲಿನಿಂದ ಕಲ್ಲಿಗೆ, ದೇಶದಿಂದ ದೇಶಕ್ಕೆ, ಪ್ರಯೋಜನದಿಂದ ಪ್ರಯೋಜನಕ್ಕೆ ಸಂಚರಿಸಿತೆಂಬುದನ್ನೂ, ಆ ಸಂಚಾರದಲ್ಲೆಲ್ಲ ಅದು ಯಾವುದೊಂದನ್ನು ಕೈಬಿಡದೆ ಉಳಿಸಿಕೊಂಡಿತೆಂಬುದನ್ನೂ ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಮೊದಲು ಶಬ್ದಶಾಸ್ತ್ರದ ಮಾತು. ವೈಡೂರ್ಯ ಶಬ್ದವನ್ನು ಸಾಧಿಸುವುದಕ್ಕಾಗಿಯೇ ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನು ಮೀಸಲಾಗಿಟ್ಟಿರುವನು. ಅದರ ಪ್ರಕಾರ ವಿದೂರವೆಂಬ ಸ್ಥಳದಿಂದ ಬಂದದ್ದು ವೈದೂರ್ಯ. ನಾವು ಡಕಾರವನ್ನು ಸೇರಿಸಿ ನುಡಿಯುತ್ತೇವೆ. ಇಷ್ಟೇ ಆಗಿದ್ದರೆ ಹೇಳುವುದು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಮಹಾಭಾಷ್ಯವನ್ನು ರಚಿಸಿದ ಪತಂಜಲಿಯು ಈ ಸೂತ್ರದ ಬಳಿಗೆ ಬಂದಾಗ ಲೋಕವ್ಯವಹಾರವನ್ನು ಬಲ್ಲವನೊಬ್ಬನ ಆಕ್ಷೇಪವನ್ನು ಮುಂದಿಡುತ್ತಾನೆ: ಈ ಮಣಿ ಹುಟ್ಟುವುದು ವಿದೂರದಲ್ಲಲ್ಲ, ವಾಲವಾಯವೆಂಬ ಪರ್ವತದಲ್ಲಿ, ವಿದೂರದಲ್ಲಿ ಅದಕ್ಕೆ ಸಂಸ್ಕಾರ ಮಾತ್ರ ನಡೆಯುತ್ತದೆ, ಹಾಗಿರುವಾಗ ಅಲ್ಲಿಂದ ಹುಟ್ಟಿತೆಂದು ಹೇಳುವುದು ಹೇಗೆ? ಸಮಾಧಾನಗಳನ್ನು ಹುಡುಕುತ್ತ ಅವನು ಹೇಳುವ ಒಂದು ಮಾತು ಬಹಳ ಸ್ವಾರಸ್ಯವಾದದ್ದು. ವರ್ತಕರು ವಾರಾಣಸಿಯನ್ನು ಜಿತ್ವರಿಯೆಂದು ಕರೆಯುವುದುಂಟಷ್ಟೆ. ಹಾಗೆಯೇ ವಾಲವಾಯವನ್ನು ವೈಯಾಕರಣರು ವಿದೂರವೆಂದು ಕರೆದರೆಂದು ತಿಳಿಯಬಹುದು ಎಂದು ಅವನು ಹೇಳುವನು. ಮಣಿಯ ಹೆಸರಿನ ವಿಚಾರದಲ್ಲಿ ಭಾಷ್ಯಕಾರನು ಸಾಣೆ ಹಿಡಿಯುವ ಊರನ್ನೂ ವರ್ತಕರ ಬಾಯಿಮಾತನ್ನೂ ಸಾಕ್ಷಿಗೆ ಕರೆದಿರುವನೆಂಬುದನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಆಧುನಿಕ ಭಾಷಾಶಾಸ್ತ್ರಜ್ಞರು ಈ ಶಬ್ದವನ್ನು ಬೇರೊಂದು ದಾರಿಯಿಂದ ನೋಡುತ್ತಾರೆ. ಪಾಲಿಯಲ್ಲಿ ಇದು ವೇಳುರಿಯ, ಪ್ರಾಕೃತದಲ್ಲಿ ವೇರುಲಿಯ. ಈ ರೂಪಗಳೇ ಹಳೆಯವು, ಸಂಸ್ಕೃತದ ವೈಡೂರ್ಯವು ಇವನ್ನು ತಿದ್ದಿ ಮಾಡಿಕೊಂಡದ್ದು, ಮೂಲಶಬ್ದ ದ್ರಾವಿಡದ್ದು ಎಂಬುದು ಅವರಲ್ಲಿ ಹಲವರ ಅಭಿಪ್ರಾಯ. ತಮಿಳಿನಲ್ಲಿ ಬಿಳುಪೇರುವುದು, ಬಣ್ಣಗುಂದುವುದು ಎಂಬರ್ಥದ ವಿಳರ್, ವೆಳಿಱು ಎಂಬ ಮಾತುಗಳಿವೆ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವ ನಿಯಮವನ್ನು ಬಲ್ಲವರಿಗೆ ನಮ್ಮ ಬಿಳಿ, ಬೆಳಕು, ಬೆಳಗು, ಬೆಳ್ಳಿಗಳು ಇವುಗಳ ಬಂಧುಗಳಂತೆ ಕಾಣುವುದು ಸಹಜ. ಈ ಹೆಸರು ವೇಳೂರೆಂಬ ದಕ್ಷಿಣದ ಒಂದು ಊರಿನಿಂದ ಬಂದಿರಬಹುದೆಂದೂ, ಆ ವೇಳೂರು ನಮ್ಮ ಹಾಸನ ಸೀಮೆಯ ಬೇಲೂರೇ ಆಗಿರಬಹುದೆಂದೂ ಕೆಲವು ಪಾಶ್ಚಾತ್ಯ ನಿಘಂಟುಗಳಲ್ಲಿ ಬರೆದಿರುವುದುಂಟು. ಹೊಯ್ಸಳರ ಬೇಲೂರಿಗೆ ಈ ಗೌರವ ಸಲ್ಲುವುದಾದರೆ ಕನ್ನಡಿಗರಿಗೆ ಸಂತೋಷವೇ ಸರಿ; ಆದರೆ ಶಬ್ದಸಾಮ್ಯವೊಂದೇ ಪ್ರಮಾಣಕ್ಕೆ ಸಾಲದು, ಮತ್ತು ಈ ಮಣಿಯ ಸಂಬಂಧದಲ್ಲಿ ಕರ್ನಾಟಕಕ್ಕೆ ಇದಕ್ಕಿಂತಲೂ ದೃಢವಾದ ಹಕ್ಕೊಂದುಂಟಾದ ಕಾರಣ ಈ ಊಹೆಗೆ ನಾವು ಜೋತುಬೀಳಬೇಕಾದ ಅಗತ್ಯವೂ ಇಲ್ಲ.

ಆ ಹಕ್ಕನ್ನು ಹೇಳುವ ಮುನ್ನ, ಪ್ರಾಚೀನರು ವೈಡೂರ್ಯವೆಂದು ಕರೆದ ಕಲ್ಲು ಯಾವುದೆಂಬುದನ್ನು ಗೊತ್ತುಮಾಡಿಕೊಳ್ಳೋಣ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಮರಳಿ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಕೋಶಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಯನ್ನು ಕುರಿತ ಅಧ್ಯಾಯವೊಂದಿದೆ. ಅಲ್ಲಿ ವೈಡೂರ್ಯದ ಬಗೆಗಳನ್ನು ಎಣಿಸುವಾಗ ನೈದಿಲೆಯ ಬಣ್ಣದ್ದು, ಶಿರೀಷಪುಷ್ಪದ ಬಣ್ಣದ್ದು, ನೀರಿನ ಬಣ್ಣದ್ದು, ಬಿದಿರಿನ ಬಣ್ಣದ್ದು, ಗಿಳಿಯ ರೆಕ್ಕೆಯ ಬಣ್ಣದ್ದು ಎಂದು ಮೊದಲಾಗಿ ಹೇಳಿದೆ. ಸುಂದರಕಾಂಡದ ಆರಂಭದಲ್ಲಿ ಸಮುದ್ರವನ್ನು ಹಾರಲು ಸಿದ್ಧನಾದ ಹನುಮಂತನು ವೈಡೂರ್ಯದ ಬಣ್ಣದ, ನೀರಿನಂತೆ ತೋರುವ ಹುಲ್ಲುಗಾವಲಿನ ಮೇಲೆ ಸಂಚರಿಸಿದನೆಂದು ವಾಲ್ಮೀಕಿಯು ವರ್ಣಿಸಿರುವನು. ಹಸುರು, ನೀಲಿ, ನೀರು, ಎಳೆಬಿದಿರು: ಈ ವರ್ಣಾವಳಿಯಲ್ಲಿ ಬೆಕ್ಕಿನ ಕಣ್ಣಿಗೆ ಹೊಂದುವಂಥದು ಕಡಮೆ; ಆದರೆ ಇಂದು ಭೂವಿಜ್ಞಾನಿಗಳು ಬೆರಿಲ್ ಎಂದು ಕರೆಯುವ ಖನಿಜಕ್ಕೆ ಇದು ಅಚ್ಚೊತ್ತಿದಂತೆ ಹೊಂದುತ್ತದೆ. ಕಬ್ಬಿಣದ ಲೇಶವು ಸೇರಿ ತಿಳಿನೀಲಿಯೋ ತಿಳಿಹಸುರೋ ಆದ ಬೆರಿಲ್ಲಿಗೆ ಯುರೋಪಿನವರು ಇಟ್ಟ ಅಕ್ವಾಮರೀನ್ ಎಂಬ ಹೆಸರಿನ ಅರ್ಥವು ಸಮುದ್ರದ ನೀರು ಎಂಬುದು. ನೀರಿನ ಬಣ್ಣದ್ದೆಂಬ ಅರ್ಥಶಾಸ್ತ್ರದ ಮಾತು ಅವರಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಅದೇ ಗುಣವನ್ನು ಗುರುತಿಸಿತ್ತು.

ಬಣ್ಣದಷ್ಟೇ ಮುಖ್ಯವಾದ ಇನ್ನೊಂದು ಸಾಕ್ಷ್ಯ ಆಕಾರದ್ದು. ಕುಮಾರಸಂಭವದ ಮೊದಲ ಸರ್ಗದಲ್ಲಿ ಪಾರ್ವತಿಯ ಜನನವನ್ನು ಹೇಳುವ ಕಾಳಿದಾಸನು, ಹೊಸ ಮೋಡಗಳ ಗರ್ಜನೆಗೆ ವಿದೂರದ ನೆಲವನ್ನು ಸೀಳಿಕೊಂಡು ರತ್ನದ ಶಲಾಕೆಗಳು ಮೊಳೆಯುವ ಸಂಗತಿಯನ್ನು ಉಪಮಾನವಾಗಿ ತಂದಿರುವನು. ಶಲಾಕೆಯೆಂದರೆ ಕಡ್ಡಿ. ರತ್ನವು ಕಡ್ಡಿಯ ಆಕಾರದಲ್ಲಿ ನೆಲದಿಂದೇಳುವುದು ಕವಿಕಲ್ಪನೆಯಾಗಿ ಮಾತ್ರ ತೋರೀತು. ಆದರೆ ಬೆರಿಲ್ಲಿನ ಸ್ಫಟಿಕಗಳು ನಿಜವಾಗಿಯೂ ಆರು ಮುಖಗಳ ನೀಳವಾದ ಕಂಬಿಗಳಾಗಿ ಬಿಳಿಗಲ್ಲಿನ ಸೆರೆಗಳಲ್ಲಿ ಬೆಳೆಯುತ್ತವೆ. ಮಳೆಗಾಲದ ಮೊದಲ ಮಳೆಗಳು ಮೇಲುಮಣ್ಣನ್ನು ಕೊಚ್ಚಿಹಾಕಿದಾಗ ಅಡಗಿದ್ದ ಹರಳುಗಳು ಕಣ್ಣಿಗೆ ಬೀಳುವುದು ರತ್ನಭೂಮಿಗಳಲ್ಲೆಲ್ಲ ಕಂಡ ಸಂಗತಿ. ವಜ್ರಕರೂರಿನ ಸುತ್ತಿನ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಜನ ಇಂದಿಗೂ ವಜ್ರವನ್ನು ಹುಡುಕುತ್ತ ನಡೆಯುವರು. ಗುಡುಗಿಗೆ ರತ್ನ ಮೊಳೆಯಿತೆಂಬ ಕವಿಸಮಯದ ಬುಡದಲ್ಲಿ ಇಂಥ ನೆಲದ ಅನುಭವವೊಂದು ಇದ್ದೀತೆಂದು ನನ್ನ ನಂಬಿಕೆ. ಕಾಳಿದಾಸನ ಶಲಾಕೆ ಶಬ್ದವನ್ನು ಅಲಂಕಾರವೆಂದು ದಾಟಿಹೋಗುವವರು ಅದರೊಳಗಿನ ಖನಿಜವಿಜ್ಞಾನವನ್ನು ಕಳೆದುಕೊಳ್ಳುವರು.

ಈಗ ಕರ್ನಾಟಕದ ಹಕ್ಕು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯು ತನ್ನ ಭೂಗೋಳ ಗ್ರಂಥದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಪಟ್ಟಿಮಾಡುತ್ತ ಪೌನ್ನಟ ಎಂಬ ಹೆಸರಿನ ಬಳಿ, ಇಲ್ಲಿ ಬೆರಿಲ್ ದೊರೆಯುತ್ತದೆ ಎಂದು ಗುರುತು ಹಾಕಿರುವನು. ಇದು ನಮ್ಮ ಶಾಸನಗಳ ಪುನ್ನಾಟವೆಂದು ಲೂಯಿ ರೈಸ್ ಮೊದಲಾದ ವಿದ್ವಾಂಸರು ಗುರುತಿಸಿದ್ದಾರೆ. ಕಪಿಲಾ ನದಿಯ ದಡದ ಕೀರ್ತಿಪುರ, ಅಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು, ಈ ಪುಟ್ಟ ರಾಜ್ಯದ ರಾಜಧಾನಿಯಾಗಿತ್ತು. ಪುನ್ನಾಟದ ರಾಜನಾದ ಸ್ಕಂದವರ್ಮನ ಮಗಳು ಗಂಗರ ಮನೆಗೆ ಸೊಸೆಯಾಗಿ ಬಂದಳು. ಆಕೆಯ ಮಗನೇ ಗಂಗ ದೊರೆ ದುರ್ವಿನೀತ. ಕನ್ನಡದ ಪ್ರಾಚೀನ ಗದ್ಯಕಾರರನ್ನು ನೆನೆಯುವ ಕವಿರಾಜಮಾರ್ಗವು ಹೆಸರಿಸುವ ದುರ್ವಿನೀತನು ಈತನೇ ಎಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿದ ಮಾತು. ಜೈನಮುನಿಗಳ ಒಂದು ಪರಂಪರೆಗೆ ಪುನ್ನಾಟ ಸಂಘವೆಂಬ ಹೆಸರಿದ್ದು, 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನು ಆ ಸಂಘದವನಾಗಿದ್ದನು. ಹೀಗೆ ಸಾಹಿತ್ಯಕ್ಕೂ ಧರ್ಮಕ್ಕೂ ಹೆಸರಾದ ಈ ನಾಡು, ಅದಕ್ಕೂ ಮೊದಲು, ಗ್ರೀಕರ ಭೂಪಟದಲ್ಲಿ ಸ್ಥಾನ ಪಡೆದದ್ದು ವೈಡೂರ್ಯದ ಬಲದಿಂದ.

ಪುನ್ನಾಟದ ಪೂರ್ವಕ್ಕೆ ಘಟ್ಟವನ್ನಿಳಿದರೆ ಕೊಂಗುನಾಡು. ಅಲ್ಲಿ ಕಾಂಗೇಯದ ಹತ್ತಿರದ ಪಡಿಯೂರಿನಲ್ಲಿ ಈ ಹರಳಿನ ಗಣಿಯಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೂ ಅಲ್ಲಿ ಕೆಲಸ ನಡೆದಿತ್ತು. ನೊಯ್ಯಲ್ ನದಿಯ ದಡದ ಕೊಡುಮಣಲ್ ಎಂಬಲ್ಲಿ ಪ್ರಾಕ್ತನ ಶಾಸ್ತ್ರಜ್ಞರು ಅಗೆದಾಗ ಹರಳುಗಳನ್ನು ಉಜ್ಜಿ, ಕೊರೆದು, ಮಣಿ ಮಾಡುತ್ತಿದ್ದ ಕಮ್ಮಟಗಳ ಕುರುಹುಗಳು ಸಿಕ್ಕಿದವು; ಸಿದ್ಧವಾದ ಮಣಿಗಳ ಜೊತೆಗೆ ಅರ್ಧಕ್ಕೆ ನಿಂತವೂ ಇದ್ದವು, ಅವುಗಳಲ್ಲಿ ಬೆರಿಲ್ಲೂ ಇತ್ತು. ರೋಮನ್ ನಾಣ್ಯಗಳು ಭಾರತದಲ್ಲಿ ಎಲ್ಲೆಲ್ಲಿ ಸಿಕ್ಕಿವೆಯೆಂಬುದನ್ನು 1904ರಲ್ಲಿ ಪರಿಶೀಲಿಸಿದ ರಾಬರ್ಟ್ ಸೂಯೆಲ್, ಕೊಯಮತ್ತೂರು ಸೀಮೆಯಲ್ಲಿ ಅವು ಹೇರಳವಾಗಿರುವುದಕ್ಕೆ ಪಡಿಯೂರು, ಪುನ್ನಾಟ, ವಾಣಿಯಂಬಾಡಿಗಳ ಬೆರಿಲ್ ಗಣಿಗಳೇ ಕಾರಣವೆಂದು ಸೂಚಿಸಿದನು. ರೋಮಿನ ಚಿನ್ನ ಬೆಳ್ಳಿಗಳು ಮೆಣಸಿಗಾಗಿ ಮಾತ್ರ ನಮ್ಮ ತೀರಕ್ಕೆ ಬರಲಿಲ್ಲ. ಒಳನಾಡಿನ ಈ ತಿಳಿಹಸುರು ಕಡ್ಡಿಗಳಿಗಾಗಿಯೂ ಬಂದವು.

ಕಲ್ಲಿನೊಡನೆ ಹೆಸರೂ ಹಡಗೇರಿತು. ಪ್ರಾಕೃತದ ವೇರುಲಿಯವು ಗ್ರೀಕರ ಬಾಯಲ್ಲಿ ಬೇರುಲ್ಲೋಸ್ ಆಯಿತು, ಲ್ಯಾಟಿನ್ನಿನಲ್ಲಿ ಬೆರಿಲ್ಲುಸ್ ಆಯಿತು. ವೆಸೂವಿಯಸ್ ಜ್ವಾಲಾಮುಖಿಯು 79ರಲ್ಲಿ ಉಕ್ಕಿದಾಗ ಪ್ರಾಣಬಿಟ್ಟ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ಕೊನೆಯದಾದ ಮೂವತ್ತೇಳನೆಯ ಭಾಗವನ್ನು ರತ್ನಗಳಿಗೆ ಮೀಸಲಿಟ್ಟಿದ್ದಾನೆ. ಬೆರಿಲ್ ಹುಟ್ಟುವುದು ಭಾರತದಲ್ಲಿ, ಬೇರೆಡೆಯಲ್ಲಿ ಅಪರೂಪ. ಸಮುದ್ರದ ಶುದ್ಧವಾದ ಹಸುರನ್ನು ಹೋಲುವುದು ಉತ್ತಮ. ಅದಕ್ಕೆ ಆರು ಮೂಲೆಗಳನ್ನು ಕೊಡುತ್ತಾರೆ, ಅದು ಹುಟ್ಟುವಾಗಲೇ ಮೂಲೆಗಳುಳ್ಳದ್ದೆಂದು ಹೇಳುವವರೂ ಉಂಟು. ಭಾರತೀಯರು ನೀಳವಾದ ಬೆರಿಲ್ಲುಗಳನ್ನು ಬಹಳ ಮೆಚ್ಚುವರು, ಚಿನ್ನದ ಕಟ್ಟಿಲ್ಲದೆಯೇ ಅವನ್ನು ಧರಿಸುವರು, ರಂಧ್ರ ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುವರು ಎಂದು ಮುಂತಾಗಿ ಅವನು ಬರೆದಿದ್ದಾನೆ. ಸ್ಫಟಿಕಕ್ಕೆ ಬಣ್ಣ ಹಾಕಿ ಕೃತಕವಾದ ಬೆರಿಲ್ ಮಾಡುವುದರಲ್ಲಿಯೂ ಭಾರತೀಯರು ಜಾಣರೆಂದು ಹೇಳಲು ಅವನು ಮರೆತಿಲ್ಲ. ಕೊರೆದು ಪೋಣಿಸುವ ಈ ಪದ್ಧತಿಗೆ ನಮ್ಮವರದೇ ಸಾಕ್ಷ್ಯವೂ ಇದೆ. ಪಾಲಿಯ ದೀಘನಿಕಾಯದಲ್ಲಿ ಬುದ್ಧದೇವನು ದೇಹ ಮತ್ತು ವಿಜ್ಞಾನಗಳ ಸಂಬಂಧವನ್ನು ತಿಳಿಯಹೇಳುವಾಗ, ಎಂಟು ಮುಖಗಳಾಗಿ ಉಜ್ಜಿದ, ಕಲೆಯಿಲ್ಲದ, ನಿರ್ಮಲವಾದ ವೇಳುರಿಯ ಮಣಿಯೊಂದನ್ನು ನೆನೆಯುತ್ತಾನೆ. ಅದರೊಳಗೆ ನೀಲಿಯೋ ಹಳದಿಯೋ ಕೆಂಪೋ ಬಿಳಿಯೋ ಆದ ದಾರವು ಹಾಯ್ದಿದೆ. ಕಣ್ಣುಳ್ಳವನು ಅಂಗೈಯಲ್ಲಿಟ್ಟುಕೊಂಡು, ಇದು ಮಣಿ, ಇದು ದಾರ ಎಂದು ಬೇರ್ಪಡಿಸಿ ನೋಡಬಲ್ಲನು. ಮಣಿಯ ಪಾರದರ್ಶಕತೆಯೇ ಇಲ್ಲಿ ಬೋಧನೆಯ ಸಾಧನವಾಗಿರುವುದು.

ಪಶ್ಚಿಮದಲ್ಲಿಯೂ ಈ ಪಾರದರ್ಶಕತೆಯೇ ಹೆಸರನ್ನು ಮುಂದಕ್ಕೆ ನಡೆಸಿತು. ಪರ್ಷಿಯನ್ ಮತ್ತು ಅರಬ್ಬೀ ಭಾಷೆಗಳಲ್ಲಿ ಬಿಲ್ಲೌರ್ ಎಂದರೆ ಸ್ಫಟಿಕ. ಅದೇ ಮಾತು ಮರಾಠಿಯಲ್ಲಿ ಬಿಲೋರಿ ಎಂದಾಗಿ, ಸ್ವಚ್ಛವಾದ ಕನ್ನಡಿಯನ್ನು ಬಿಲೋರಿ ಆಯಿನಾ ಎನ್ನುವರು. ಯುರೋಪಿನ ಮಧ್ಯಯುಗದಲ್ಲಿ ಸಂತರ ಅವಶೇಷಗಳನ್ನಿರಿಸುವ ಕರಂಡಗಳಿಗೆ ತಿಳಿಯಾದ ಹರಳಿನ ಕಿಟಕಿಯಿಡುತ್ತಿದ್ದರು. ತಿಳಿಯಾದ ಹರಳಿಗೆಲ್ಲ ಅಲ್ಲಿ ಬೆರಿಲ್ ಎಂಬುದೇ ರೂಢಿಯ ಹೆಸರಾಗಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಉಬ್ಬುಹರಳುಗಳನ್ನು ಕಟ್ಟಿನಲ್ಲಿ ಕೂರಿಸಿ ಮೂಗಿನ ಮೇಲೆ ನಿಲ್ಲಿಸುವ ವಿದ್ಯೆ ಹುಟ್ಟಿತಷ್ಟೆ. ಜರ್ಮನರು ಆ ಉಪಕರಣಕ್ಕೆ ಈ ಹರಳಿನ ಹೆಸರನ್ನೇ ಕೊಟ್ಟರು. ಇಂದಿಗೂ ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ ಬ್ರಿಲ್ಲೆ, ಡಚ್ ಭಾಷೆಯಲ್ಲಿ ಬ್ರಿಲ್. ನಮ್ಮ ವೈಡೂರ್ಯವು ಅಲ್ಲಿ ಮುದುಕರ ಮೂಗಿನ ಮೇಲೆ ಕುಳಿತು ಅಕ್ಷರಗಳನ್ನು ಕಾಣಿಸುತ್ತಿದೆ. 1458ರಲ್ಲಿ ನಿಕೊಲಾಸ್ ಕೂಸಾನುಸ್ ಎಂಬ ಕ್ರೈಸ್ತ ತತ್ತ್ವಜ್ಞಾನಿಯು ಬೆರಿಲ್ ಎಂಬುದನ್ನೇ ಹೆಸರಾಗಿಟ್ಟು ಒಂದು ಗ್ರಂಥವನ್ನು ಬರೆದನು. ಕಣ್ಣು ಈ ಹರಳಿನ ಮೂಲಕ ನೋಡಿ ಮೊದಲು ಕಾಣದಿದ್ದುದನ್ನು ಕಾಣುವಂತೆ, ಬುದ್ಧಿಯೂ ತಕ್ಕ ಹರಳೊಂದನ್ನು ಹಿಡಿದರೆ ವಿರುದ್ಧಗಳೆಲ್ಲ ಒಂದಾಗುವ ಮೂಲತತ್ತ್ವವನ್ನು ಕಾಣುವುದೆಂಬುದು ಅವನ ಪ್ರತಿಪಾದನೆ. ಹೆಚ್ಚುಕಡಮೆ ಎರಡು ಸಹಸ್ರ ವರ್ಷಗಳ ಅಂತರದಲ್ಲಿ, ಒಬ್ಬರ ಮಾತು ಒಬ್ಬರ ಕಿವಿಗೆ ಬೀಳದೆಯೇ, ಇಬ್ಬರು ಉಪದೇಶಕರು ಜ್ಞಾನವನ್ನು ಕುರಿತು ಹೇಳಲು ಅದೇ ಹೆಸರಿನ ಮಣಿಯನ್ನು ಕೈಗೆತ್ತಿಕೊಂಡರೆಂಬುದು ಆಲೋಚನೆಗೆ ಹಚ್ಚುವ ಸಂಗತಿ. ಹೊಳೆಯುವುದೆಂಬ ಅರ್ಥದ ಇಟಲಿಯ ಮಾತೂ, ಅದರಿಂದ ಬಂದ ಫ್ರೆಂಚರ ಮತ್ತು ಆಂಗ್ಲರ ಬ್ರಿಲಿಯಂಟ್ ಶಬ್ದವೂ ಬೆರಿಲ್ಲಿನ ಸಂತಾನವೇ ಆಗಿರಬಹುದೆಂದು ನಿಘಂಟುಕಾರರಲ್ಲಿ ಹಲವರು ಊಹಿಸುತ್ತಾರೆ. ಊಹೆ ನಿಜವಾದಲ್ಲಿ, ವಜ್ರಕ್ಕೆ ಹಿಡಿಯುವ ಸಾಣೆಗಳಲ್ಲಿ ಶ್ರೇಷ್ಠವಾದ ಬ್ರಿಲಿಯಂಟ್ ಸಾಣೆಯಲ್ಲಿ ವಜ್ರವೂ ವೈಡೂರ್ಯವೂ ನಮ್ಮ ಅಜ್ಜಿಯರ ಮಾತಿನಲ್ಲಿದ್ದಂತೆಯೇ ಜೊತೆಗೂಡಿದಂತಾಯಿತು.

ಇನ್ನು ಉತ್ತರಕ್ಕೆ ಮತ್ತು ಪೂರ್ವಕ್ಕೆ ಹೋದ ಹೆಸರಿನ ಕಥೆ. ಬೌದ್ಧರ ಸಪ್ತರತ್ನಗಳಲ್ಲಿ ಸುವರ್ಣ, ರಜತಗಳ ಒಡನೆಯೇ ಬರುವುದು ವೈಡೂರ್ಯ. ರೋಗಗಳನ್ನು ನಿವಾರಿಸುವ ಬುದ್ಧನಿಗೆ ಭೈಷಜ್ಯಗುರು ವೈಡೂರ್ಯಪ್ರಭರಾಜನೆಂಬ ನಾಮಧೇಯ. ಮಧ್ಯ ಏಷ್ಯದ ದಾರಿಯಲ್ಲಿ ಬೆರಿಲ್ಲಿಗಿಂತ ಸುಲಭವಾಗಿ ದೊರೆತದ್ದು ಬಡಕ್‌ಶಾನದ ರಾಜಾವರ್ತ, ಗಾಢನೀಲವಾದ ಕಲ್ಲು. ಹಿಮಾಲಯದಾಚೆಯಲ್ಲಿ ವೈಡೂರ್ಯವೆಂಬುದು ಆ ನೀಲಿಗೇ ಸಲ್ಲತೊಡಗಿ, ಭೈಷಜ್ಯಗುರುವಿನ ಮೈಬಣ್ಣವೂ ನೀಲವಾಯಿತು. ಐದನೆಯ ದಲಾಯಿ ಲಾಮಾ ಅವರ ಮಂತ್ರಿಯಾಗಿದ್ದ ದೇಸಿ ಸಂಗ್ಯೇ ಗ್ಯಾತ್ಸೊ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಟಿಬೆಟ್ಟಿನ ವೈದ್ಯತಂತ್ರಗಳಿಗೆ ಬರೆದ ಮಹಾವ್ಯಾಖ್ಯಾನಕ್ಕೆ ನೀಲವೈಡೂರ್ಯವೆಂದೂ, ಜ್ಯೋತಿಷ ಗಣಿತಗಳನ್ನು ಕುರಿತ ಗ್ರಂಥಕ್ಕೆ ಶ್ವೇತವೈಡೂರ್ಯವೆಂದೂ ಹೆಸರಿಟ್ಟನು. ನೀಲವೈಡೂರ್ಯವನ್ನು ವಿದ್ಯಾರ್ಥಿಗಳಿಗೆ ಚಿತ್ರಗಳ ಮೂಲಕ ಬೋಧಿಸಲೆಂದು 79 ಪಟಗಳನ್ನು ಬರೆಯಿಸಲಾಯಿತು. 1960ರಿಂದೀಚೆಗೆ ಪಿರಿಯಾಪಟ್ಟಣದ ಬಳಿಯ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನವರೊಡನೆ ಅವರ ವೈದ್ಯವೂ ಬಂದಿತು. ಹೆಗ್ಗಡದೇವನಕೋಟೆಯಿರುವ ಮೈಸೂರು ಜಿಲ್ಲೆಗೇ ಈ ಪಿರಿಯಾಪಟ್ಟಣವೂ ಸೇರಿದೆ. ಪುನ್ನಾಟದ ಸೀಮೆಯಿಂದ ಒಮ್ಮೆ ಹೊರಟ ಹೆಸರು ಹಿಮಾಲಯವನ್ನು ಬಳಸಿಕೊಂಡು, ಬಣ್ಣ ಬದಲಿಸಿ, ವೈದ್ಯಗ್ರಂಥದ ಶಿರೋನಾಮವಾಗಿ, ತೌರಿಗೆ ಬಂದ ಹೆಣ್ಣುಮಗಳಂತೆ ಅದೇ ಸೀಮೆಗೆ ಮರಳಿತು.

ಚೀನರು ವೇಳುರಿಯವನ್ನು ಲಿಯುಲಿ ಎಂದು ಉಚ್ಚರಿಸಿದರು. ಕಲ್ಲಿನ ಹೆಸರಾಗಿ ಹೋದದ್ದು ಅಲ್ಲಿ ಬಣ್ಣದ ಗಾಜಿಗೆ ಅನ್ವಯಿಸಿತು. ಗಾಜಿನ ಲೇಪವಿರುವ ಹೆಂಚಿಗೂ ಅನ್ವಯಿಸಿತು. ಬೀಜಿಂಗಿನ ಅರಮನೆಯ ಹೊಂಬಣ್ಣದ ಮಾಡಿಗೆ ಹೊದಿಸಿರುವ ಹೆಂಚುಗಳಿಗೆ ಲಿಯುಲಿ ಹೆಂಚುಗಳೆಂದೇ ಹೆಸರು; ಅವನ್ನು ಸುಡುತ್ತಿದ್ದ ಗೂಡುಗಳಿದ್ದ ಬೀದಿಯು ಲಿಯುಲಿಚಾಂಗ್ ಎಂಬ ಹೆಸರಿನಿಂದ ಹಳೆಯ ಪುಸ್ತಕಗಳ ಮಾರಾಟಕ್ಕೆ ಪ್ರಸಿದ್ಧವಾಯಿತು. ಜಪಾನಿನಲ್ಲಿ ರುರಿ ಎಂದರೆ ರಾಜಾವರ್ತದ ನೀಲಿ. ನೀಲಿ ಹಕ್ಕಿಗಳ ಹೆಸರಿನಲ್ಲಿಯೂ ಹುಡುಗಿಯರ ಹೆಸರಿನಲ್ಲಿಯೂ ಅದು ಸೇರಿದೆ. ಅಲ್ಲಿ ಭೈಷಜ್ಯಗುರುವಿನ ಲೋಕಕ್ಕೆ ಜೋರುರಿ, ಎಂದರೆ ಶುದ್ಧವೈಡೂರ್ಯವೆಂದು ಹೆಸರು. ಆ ಹೆಸರನ್ನು ಹೊತ್ತ ರಾಜಕುಮಾರಿಯೊಬ್ಬಳ ಕಥೆಯನ್ನು ಹಾಡಿ ಹೇಳುವ ಶೈಲಿಗೆ ಜೋರುರಿಯೆಂಬ ಹೆಸರು ನಿಂತಿತು. ಕ್ರಮೇಣ ಆ ಶೈಲಿಯೊಡನೆ ಬೆಳೆದ ಬೊಂಬೆಯಾಟಕ್ಕೂ ಅದೇ ಹೆಸರಾಯಿತು. ರತ್ನದ ಹೆಸರೊಂದು ರಂಗಕಲೆಯ ಹೆಸರಾದದ್ದಕ್ಕೆ ಇದಕ್ಕಿಂತ ಚೆಲುವಾದ ನಿದರ್ಶನ ನನಗೆ ತಿಳಿಯದು.

ಹೊರಗೆ ಇಷ್ಟೆಲ್ಲ ನಡೆಯುತ್ತಿರಲು ಸ್ವದೇಶದಲ್ಲಿಯೂ ಹೆಸರು ಸುಮ್ಮನಿರಲಿಲ್ಲ. ಮಧ್ಯಯುಗದ ರಸಶಾಸ್ತ್ರದ ಗ್ರಂಥವಾದ ರಸರತ್ನಸಮುಚ್ಚಯವು ಉತ್ತಮವಾದ ವೈಡೂರ್ಯದ ಲಕ್ಷಣವನ್ನು ಹೇಳುವಾಗ, ಅದರ ಗರ್ಭದಲ್ಲಿ ಬಿಳಿಯ ಉತ್ತರೀಯವೊಂದು ಸುಳಿದಾಡುವಂತಿರಬೇಕು ಎಂಬ ಭಾವವನ್ನು ಹೇಳಿದೆ. ಇದು ನಿಸ್ಸಂದೇಹವಾಗಿ ಬೆಕ್ಕಿನ ಕಣ್ಣು. ಸಿಂಹಳದ ಹೊಳೆಮರಳಿನಲ್ಲಿಯೂ ಕೇರಳದ ದಕ್ಷಿಣಭಾಗದಲ್ಲಿಯೂ ದೊರೆಯುವ ಈ ಕಲ್ಲು ಕ್ರಿಸೋಬೆರಿಲ್ ಎಂಬ ಬೇರೆಯೇ ಆದ ಖನಿಜ. ಬೆರಿಲ್ಲಿಗಿಂತ ಗಟ್ಟಿ, ಬೆರಿಲ್ಲಿಗಿಂತ ಭಾರ. ಅದರೊಳಗೆ ಕೂದಲಿಗಿಂತ ಸಣ್ಣವಾದ ಸೂಜಿಗಳೋ ಕೊಳವೆಗಳೋ ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುವುದರಿಂದ, ಕಲ್ಲನ್ನು ಗುಮ್ಮಟದಂತೆ ಉಬ್ಬಾಗಿ ಉಜ್ಜಿದರೆ, ಬೆಳಕು ಆ ಎಳೆಗಳಿಗೆ ಅಡ್ಡಲಾಗಿ ಒಂದೇ ಪಟ್ಟೆಯಾಗಿ ಕೂಡಿಕೊಳ್ಳುವುದು. ಕಲ್ಲನ್ನು ಹೊರಳಿಸಿದಂತೆ ಪಟ್ಟೆಯೂ ಹೊರಳುವುದು. ಉತ್ತರೀಯದ ಮಾತು ಈ ಚಲನೆಯನ್ನು ಎಷ್ಟು ನಿಷ್ಠೆಯಿಂದ ಹಿಡಿದಿದೆಯೆಂಬುದನ್ನು ಗಮನಿಸಬೇಕು. ನವರತ್ನಗಳನ್ನು ನವಗ್ರಹಗಳಿಗೆ ಹಂಚಿದಾಗ ಕೇತುವಿನ ಪಾಲಿಗೆ ಬಂದ ವೈಡೂರ್ಯವು ಇದೇ ಆಗಿ ನಿಂತಿತು; ಅಸಲಾದ ಬೆರಿಲ್ ನಮ್ಮ ಪೇಟೆಗಳಲ್ಲಿ ತನ್ನ ಹಳೆಯ ಹೆಸರನ್ನು ಕಳೆದುಕೊಂಡು, ಇಂದು ಅಕ್ವಾಮರೀನ್ ಎಂಬ ಪರದೇಶದ ಹೆಸರಿನಿಂದ ಮಾರಾಟವಾಗುತ್ತಿದೆ.

ಇಲ್ಲಿ ಪಚ್ಚೆಯ ವಿಷಯವನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. ಪಚ್ಚೆಗೆ ಸಂಸ್ಕೃತದಲ್ಲಿ ಮರಕತ. ಈ ಶಬ್ದವು ಗ್ರೀಕಿನ ಸ್ಮರಗ್ದೋಸ್ ಎಂಬುದರಿಂದ ನಮ್ಮಲ್ಲಿಗೆ ಬಂದದ್ದೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಒಂದು ರತ್ನದ ಹೆಸರು ಇಲ್ಲಿಂದ ಅಲ್ಲಿಗೆ ಹೋಯಿತು, ಇನ್ನೊಂದರ ಹೆಸರು ಅಲ್ಲಿಂದ ಇಲ್ಲಿಗೆ ಬಂದಿತು. ಆಶ್ಚರ್ಯವೇನೆಂದರೆ ಈ ಎರಡು ರತ್ನಗಳೂ ಒಂದೇ ಖನಿಜ. ಎರಡರ ಪ್ರಕೃತಿಯೂ ಒಂದೇ ಇರಬಹುದೆಂದು ಹೇಳುವವರಿದ್ದಾರೆಂದು ಪ್ಲಿನಿಯೇ ಬರೆದಿದ್ದನು. ಎರಡರ ಸ್ಫಟಿಕಗಳ ರಚನೆಯೂ ಒಂದೇ ಎಂಬುದನ್ನು ಫ್ರಾನ್ಸಿನ ಆಯುಯಿ ಕಂಡುಹಿಡಿದನು. ಆತನ ಸೂಚನೆಯಂತೆ 1798ರಲ್ಲಿ ವೋಕ್ಲೆನ್ ಇವನ್ನು ವಿಭಜಿಸಿ ನೋಡಿದಾಗ ಎರಡರಲ್ಲಿಯೂ ಅದುವರೆಗೆ ಯಾರೂ ಅರಿಯದ ಮೂಲವಸ್ತುವೊಂದರ ಭಸ್ಮ ಸಿಕ್ಕಿತು. ಕ್ರೋಮಿಯಂ ಸೇರಿದರೆ ಪಚ್ಚೆ, ಕಬ್ಬಿಣ ಸೇರಿದರೆ ಅಕ್ವಾಮರೀನ್, ತಿರುಳು ಒಂದೇ. ಆ ಮೂಲವಸ್ತುವಿನ ಲವಣಗಳು ಸಿಹಿಯಾಗಿದ್ದುದರಿಂದ ಫ್ರೆಂಚರು ಬಹುಕಾಲ ಅದನ್ನು ಗ್ಲುಸಿನಿಯಂ ಎನ್ನುತ್ತಿದ್ದರು. 1828ರಲ್ಲಿ ವ್ಯೋಲರ್ ಮತ್ತು ಬ್ಯೂಸಿ ಬೇರೆ ಬೇರೆಯಾಗಿ ಲೋಹವನ್ನು ಸಿದ್ಧಪಡಿಸಿದರು. ಕೊನೆಗೆ ಲೋಕಮಾನ್ಯವಾಗಿ ನಿಂತದ್ದು ಬೆರಿಲಿಯಂ ಎಂಬ ಹೆಸರು. ಮೂಲವಸ್ತುಗಳ ಪಟ್ಟಿಯಲ್ಲಿ ನಾಲ್ಕನೆಯ ಮನೆ ಅದರದು. ಹೀಗೆ ಶಾಲೆಯ ಗೋಡೆಗೆ ತೂಗುಹಾಕಿರುವ ಆ ಪಟ್ಟಿಯಲ್ಲಿ ನಮ್ಮ ವೇಳುರಿಯವು ಎಲ್ಲ ಮಕ್ಕಳ ಕಣ್ಣೆದುರಿಗೇ ಇದೆ. ಇನ್ನೂ ಒಂದು ವಿಶೇಷವುಂಟು: ಹೆಸರನ್ನು ಕಸಿದುಕೊಂಡ ಬೆಕ್ಕಿನ ಕಣ್ಣಿನಲ್ಲಿಯೂ ಇದೇ ಬೆರಿಲಿಯಂ ಇದೆ. ನಮ್ಮ ರತ್ನಪರೀಕ್ಷಕರಿಗೆ ಅದು ತಿಳಿದಿರಲಿಲ್ಲ; ಆದರೂ ಹೆಸರು ಒಂದು ಬಂಧುವಿನ ಮನೆಯಿಂದ ಇನ್ನೊಂದು ಬಂಧುವಿನ ಮನೆಗೇ ಹೋಗಿ ಸೇರಿತು.

ಬೆರಿಲಿಯಂ ಲೋಹದ ಉಪಯೋಗಗಳನ್ನು ನೋಡಿದರೆ ನಾನು ಹೇಳಹೊರಟ ಮಾತು ಸ್ಪಷ್ಟವಾಗುವುದು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು ಆಲ್ಫಾ ಕಿರಣಗಳು ಈ ಲೋಹಕ್ಕೆ ತಗಲುವಂತೆ ಮಾಡಿ. ಎಕ್ಸ್‌ರೇ ಕಿರಣಗಳನ್ನು ಇದು ಹೆಚ್ಚಾಗಿ ತಡೆಯದೆ ಹಾಯಗೊಡುವುದರಿಂದ ಆ ಯಂತ್ರಗಳ ಕೊಳವೆಗೆ ಇದರ ತೆಳುತಗಡೇ ಕಿಟಕಿ. 2021ರ ಡಿಸೆಂಬರಿನಲ್ಲಿ ಆಕಾಶಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕದ ಆರೂವರೆ ಮೀಟರ್ ಅಗಲದ ಮಹಾದರ್ಪಣವು ಬೆರಿಲಿಯಂನಿಂದ ಮಾಡಿ ಚಿನ್ನದ ಲೇಪ ಕೊಟ್ಟ 18 ತುಂಡುಗಳಿಂದ ಕೂಡಿದ್ದು. ಒಂದೊಂದು ತುಂಡಿಗೂ, ಗಣಿಯಲ್ಲಿ ಬೆಳೆಯುವ ಹರಳಿನಂತೆಯೇ, ಆರು ಮೂಲೆಗಳು. ತಿಳಿಮಣಿ, ಗಾಜು, ಕಿಟಕಿ, ಕನ್ನಡಿ, ಕನ್ನಡಕ, ಬೆಕ್ಕಿನ ಕಣ್ಣು, ದೂರದರ್ಶಕ: ಇವುಗಳಲ್ಲಿ ದ್ರವ್ಯವು ಒಂದಲ್ಲ, ಬಣ್ಣವು ಒಂದಲ್ಲ, ದೇಶವು ಒಂದಲ್ಲ. ಆದರೂ ಬೆಳಕನ್ನು ಹಾಯಗೊಡುವುದು, ಬೆಳಕನ್ನು ಕೂಡಿಸುವುದು, ನೋಟಕ್ಕೆ ನೆರವಾಗುವುದು ಎಂಬ ಗುಣವು ಎಲ್ಲದರಲ್ಲಿಯೂ ಸಮಾನ. ಗುಣವು ದ್ರವ್ಯವನ್ನು ಆಶ್ರಯಿಸಿರುವುದೆಂದು ನಮ್ಮ ತಾರ್ಕಿಕರು ಹೇಳುವರು. ಹೆಸರಾದರೋ ದ್ರವ್ಯವನ್ನು ಬಿಟ್ಟು ಗುಣವನ್ನೇ ಆಶ್ರಯಿಸಿ ಇಷ್ಟು ದೂರ ನಡೆದು ಬಂದಿದೆ. ಕೆಲವೆಡೆ ಇದು ವಸ್ತುಸಂಬಂಧದಿಂದ ಆದದ್ದು, ಕೆಲವೆಡೆ ಕೇವಲ ಯದೃಚ್ಛೆಯಿಂದ ಕೂಡಿಬಂದದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಬೀಜಿಂಗಿನ ಕುಶಲಕರ್ಮಿಯೂ ಜರ್ಮನಿಯ ಕನ್ನಡಕದವನೂ ಕೇತುಶಾಂತಿ ಮಾಡಿಸುವ ನಮ್ಮ ಜೋಯಿಸನೂ ಹೆಸರಿನಿಂದ ಬಯಸಿದ್ದು ಒಂದೇ, ಕಣ್ಣಿಗೆ ಹಿತವಾದ ಹೊಳಪನ್ನು ಎಂಬುದು ಯದೃಚ್ಛೆಯಲ್ಲ.

ಇದರಿಂದ ನಮಗೆ ಬರುವ ಕರ್ತವ್ಯವೇನು? ಹಳೆಯ ಕಾವ್ಯಗಳನ್ನು ಕನ್ನಡಿಸುವವರೂ ಟೀಕೆ ಬರೆಯುವವರೂ ವೈಡೂರ್ಯವೆಂದ ಕೂಡಲೆ ಬೆಕ್ಕಿನ ಕಣ್ಣೆಂದು ಬರೆದುಬಿಡಬಾರದು. ಹಾಗೆ ಬರೆದರೆ ಹನುಮಂತನು ನಡೆದ ಹುಲ್ಲುಗಾವಲು ಹಳದಿಯಾಗುವುದು, ಕಾಳಿದಾಸನ ಮೊಳಕೆಗಳು ಉರುಟುಕಲ್ಲುಗಳಾಗುವುವು, ಬುದ್ಧನ ದೃಷ್ಟಾಂತದ ಮಣಿಯೊಳಗಿನ ದಾರ ಯಾರಿಗೂ ಕಾಣದಾಗುವುದು. ಯಾವ ಕಾಲದ ಗ್ರಂಥ, ಯಾವ ದೇಶದ ಮಾತು ಎಂಬುದನ್ನು ವಿಚಾರಿಸಿ ಅರ್ಥ ಹೇಳಬೇಕು. ನಿಘಂಟುಗಳಲ್ಲಿ ನವರತ್ನಗಳಲ್ಲಿ ಒಂದು ಎಂದಷ್ಟೇ ಬರೆದು ನಿಲ್ಲಿಸುವುದರಿಂದ ಓದುಗನಿಗೆ ಏನೂ ದೊರೆಯದು. ಆ ಹರಳಿನ ಬಣ್ಣ, ಆಕಾರ, ಅದು ಹುಟ್ಟುವ ಸೀಮೆ, ಅದರ ಹೆಸರು ಕಾಲಕಾಲಕ್ಕೆ ಪಡೆದ ಅರ್ಥಗಳು, ಇವೆಲ್ಲ ಅಲ್ಲಿ ಕ್ರಮವಾಗಿ ಬರಬೇಕು. ಚಿನಿವಾರರ ಪೇಟೆಯಲ್ಲಿಯೂ ಹರಳು ಕೂರಿಸುವ ಅಕ್ಕಸಾಲಿಗರ ಬಾಯಲ್ಲಿಯೂ ಹರಳಿನ ಜಾತಿ, ದೋಷ, ಹೊಳಪು, ಸಾಣೆಗಳನ್ನು ಕುರಿತ ಮಾತುಗಳು ಎಷ್ಟೋ ಇವೆ. ಬರೆದಿಡುವವರಿಲ್ಲದೆ ಅವು ಒಂದೊಂದಾಗಿ ಮರೆಯಾಗುತ್ತಿವೆ. ವೈಡೂರ್ಯದ ಹೆಸರನ್ನು ವಿಚಾರಮಾಡಲು ಕುಳಿತ ಪತಂಜಲಿಯು ಮಣಿಯನ್ನು ಸಂಸ್ಕರಿಸುವ ಊರನ್ನು ಕೇಳಿದನು, ವರ್ತಕರ ವಾಡಿಕೆಯನ್ನು ಕೇಳಿದನು. ಮಹಾಭಾಷ್ಯಕಾರನಿಗೆ ಹೀನವೆನಿಸದ ಆ ಕೆಲಸ ನಮ್ಮ ಕೋಶಕಾರರಿಗೂ ಭಾಷಾವಿದ್ಯಾರ್ಥಿಗಳಿಗೂ ಹೀನವಾಗಬೇಕಿಲ್ಲ. ಅವರು ಪುಸ್ತಕದೊಡನೆ ಪೇಟೆಯನ್ನೂ ಸಾಣೆಯ ಮನೆಯನ್ನೂ ಓದುವ ಅಭ್ಯಾಸವನ್ನು ಬೆಳೆಸಿಕೊಳ್ಳಲೆಂದು ಪ್ರಾರ್ಥಿಸುತ್ತೇನೆ.